ಹರಕೆಯಲ್ಲದ ಓಟ

ಕೊಬ್ಬರಿ ಎಣ್ಣೆ ಬಿಸಿ ಮಾಡಿ ಅದಕ್ಕೆ ಒಂದೆರಡು ಬಿಲ್ಲೆ ಕರ್ಪೂರ ಹಾಕಿದರೆ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಕಾಲುನೋವಿನವರಿರುವ ಮನೆಗಳಲ್ಲೆಲ್ಲ ಅದು ಇದ್ದದ್ದೇ. ನನ್ನ ಕಾಲು ಹಿಡಿದುಕೊಂಡಿರುವುದು ಓಡಿಯೂ ಅಲ್ಲ, ನಡೆದೂ ಅಲ್ಲ; ತುಮಕೂರಿನ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೂತು. ನಿನ್ನೆ ಸಂಜೆ ಹೆಂಡತಿ ಆ ಎಣ್ಣೆ ಕಾಯಿಸುತ್ತಿದ್ದಾಗ ನಾನು ಆಗಷ್ಟೇ ಬಾಗಿಲಿಗೆ ಬಂದಿದ್ದೆ. ಒಳಗೆ ಹೋಗಲಾಗದೆ ಹೊಸ್ತಿಲಲ್ಲೇ ನಿಂತುಬಿಟ್ಟೆ. ನಡುಮನೆಯಲ್ಲಿ ನಮ್ಮ ಭಾವ ಚಾಪೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾರೆ ಎಂದೇ ಅನ್ನಿಸಿತು. ಅವರು ತೀರಿಕೊಂಡು ಇನ್ನೂ ವರ್ಷವಾಗಿಲ್ಲ.

ಭಾವ ಎಂದರೆ ಗಿರಿಜಕ್ಕನ ಯಜಮಾನರು, ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮಾತು ಕಡಿಮೆ, ಸೀಟಿ ಜಾಸ್ತಿ. ಹೆಣ್ಣು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದು ಅವರು ನೆಟ್ಟಗೆ ಕೂತಿದ್ದ ಠೀವಿ ನೋಡಿ ನಮ್ಮಜ್ಜಿ, ‘ಪೊಲೀಸ್ನೋನಾ?’ ಎಂದು ಕೇಳಿದ್ದಳು. ದಿನಾ ಬೆಳಗ್ಗೆ ನಿಟ್ಟೂರು ರಸ್ತೆಯಲ್ಲಿ ಓಡಿ ಬರುವುದು, ಬಂದು ಈ ಎಣ್ಣೆ ತಿಕ್ಕಿಕೊಳ್ಳುವುದು, ಆಮೇಲೆಯೇ ಸ್ನಾನ, ಪೂಜೆ. ನನ್ನನ್ನು ಕಂಡರೆ ಮಾತ್ರ ಸ್ವಲ್ಪ ನಾಲಿಗೆ ಸಡಿಲವಾಗುತ್ತಿತ್ತು. ‘ಏನಯ್ಯ, ನಿನ್ ಹೊಟ್ಟೆ ಮೊದ್ಲು ಬಂತು, ನೀನು ಆಮೇಲ್ ಬಂದೆ’ ಅನ್ನುವರು. ನಾನು ನಗುತ್ತಾ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತಿದ್ದೆ.

ಅವರಿಗೆ ಒಬ್ಬಳೇ ಮಗಳು, ವೇಣಿ. ಹುಟ್ಟುವಾಗ ಉಸಿರು ಕಟ್ಟಿ ಅವಳ ಎರಡು ಕಾಲೂ ಬಿಗಿದುಕೊಂಡಿದ್ದವು, ನಿಲ್ಲಲು ಆಗುತ್ತಿರಲಿಲ್ಲ. ತಲೆ ಮಾತ್ರ ಬಲು ಚುರುಕು. ಓದು ಬರಹ ಎಲ್ಲ ಭಾವನೇ ಮನೆಯಲ್ಲಿ ಕಲಿಸಿದ್ದರು. ಮನೆ ಎದುರಿಗೇ ಪ್ರೈಮರಿ ಶಾಲೆ. ಬೆಳಗಿನ ಪ್ರಾರ್ಥನೆ ಶುರುವಾದರೆ ಇವಳು ಕಿಟಕಿಯ ಸರಳು ಹಿಡಿದು ಅಲ್ಲಿನ ಮಕ್ಕಳಿಗಿಂತ ಜೋರಾಗಿ ಹಾಡುತ್ತಿದ್ದಳು. ಸೇರಿಸಿಕೊಳ್ಳಿ ಎಂದು ಭಾವ ಕೇಳಲು ಹೋದರೆ ಶಾಲೆಯವರು, ಮೆಟ್ಟಿಲು ಯಾರು ಹತ್ತಿಸುತ್ತಾರೆ, ಪಾಯಿಖಾನೆಗೆ ಯಾರು ಕರೆದುಕೊಂಡು ಹೋಗುತ್ತಾರೆ, ಇಂಥ ಮಕ್ಕಳಿಗೆ ಬೇರೆ ಕಡೆ ಶಾಲೆ ಇದೆಯಂತಲ್ಲ ಎಂದರು. ಅವರು ಕೆಟ್ಟವರೇನಲ್ಲ, ಕೂರಿಸಿ ಕಾಫಿ ಕೊಟ್ಟೇ ಹೇಳಿದ್ದು. ಆದರೆ ‘ಇಂಥ ಮಕ್ಕಳು’ ಎನ್ನುವ ಮಾತು ಭಾವನಿಗೆ ಆಗುತ್ತಿರಲಿಲ್ಲ. ಆ ದಿನ ಅವರು ಮನೆಗೆ ಬಂದು ಊಟ ಮಾಡಲಿಲ್ಲ ಎಂದು ಅಕ್ಕ ಹೇಳಿದಳು.

ಅಷ್ಟರಲ್ಲಿ ತುಮಕೂರಿನಲ್ಲಿ ಕೆಲವು ತಂದೆತಾಯಿಗಳು ಸೇರಿ ಒಂದು ಸಣ್ಣ ಸಂಘ ಕಟ್ಟಿಕೊಂಡಿದ್ದರು. ನಮ್ಮ ಮಕ್ಕಳೂ ಊರಿನ ಶಾಲೆಯಲ್ಲೇ, ಎಲ್ಲರ ಜೊತೆ ಒಂದೇ ಬೆಂಚಿನ ಮೇಲೆ ಕೂರಬೇಕು ಎನ್ನುವುದು ಅವರ ಹಟ. ಕುಣಿಗಲ್, ತುಮಕೂರು, ಗುಬ್ಬಿ, ಮೂರು ಕಡೆಯೂ ಒಂದೊಂದು ಶಾಲೆಯವರು ಕೊನೆಗೆ ಒಪ್ಪಿದರು, ಆದರೆ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿಕೊಡಿ, ಒಬ್ಬ ಆಯಾಳ ಸಂಬಳ ನೀವೇ ನೋಡಿಕೊಳ್ಳಿ ಎಂದರು. ಸಂಘದ ಹತ್ತಿರ ದುಡ್ಡೆಲ್ಲಿಂದ ಬರಬೇಕು? ಯಾರೋ ನಾಟಕ ಆಡಿಸೋಣ ಎಂದರು, ಯಾರೋ ಲಾಟರಿ ಎಂದರು. ಮೂಲೆಯಲ್ಲಿ ಕೂತಿದ್ದ ಭಾವ ಎದ್ದು, ‘ನಂಗೆ ಬರೋದು ಓಡೋದೊಂದೇ. ಕುಣಿಗಲ್ಲಿಂದ ಗುಬ್ಬಿ ಗಂಟ ಓಡ್ತೀನಿ, ನೋಡಿ ಕೊಡೋರು ಕೊಡ್ಲಿ’ ಎಂದು ಹೇಳಿ ಕೂತರಂತೆ. ಅವರು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಈಗಿನಂತೆ ಬಣ್ಣದ ಟೀ ಶರ್ಟು, ಎದೆಗೆ ನಂಬರು ಇವೆಲ್ಲ ನಮ್ಮ ಕಡೆ ಇರಲಿಲ್ಲ. ದಾರಿಯುದ್ದಕ್ಕೂ ನೀರು ಕೊಡಲು, ಡಬ್ಬಿಯಲ್ಲಿ ಕಾಣಿಕೆ ಹಾಕಿಸಿಕೊಳ್ಳಲು ನಾನು ಲೂನಾದಲ್ಲಿ ಹಿಂದೆ ಹಿಂದೆ ಹೋಗಬೇಕು ಎಂದಾಯಿತು. ಮೈಗಳ್ಳನಿಗೆ ಹೇಳಿ ಮಾಡಿಸಿದ ಕೆಲಸ. ಹೊರಡುವ ಹಿಂದಿನ ದಿನ ವೇಣಿ, ನಾನೂ ಬರ್ತೀನಿ ಎಂದು ಹಟ ಹಿಡಿದಳು. ಭಾವ ಸೈಕಲ್ ಶಾಪಿಗೆ ಹೋಗಿ ಎರಡು ಸೈಕಲ್ ಚಕ್ರ, ಒಂದು ಪ್ಲಾಸ್ಟಿಕ್ ಕುರ್ಚಿ ಸೇರಿಸಿ ತಳ್ಳುವ ಗಾಡಿ ಮಾಡಿಸಿಕೊಂಡು ಬಂದರು. ಅಕ್ಕ ಅದರಲ್ಲಿ ಹಳೇ ಸೀರೆ ಮಡಿಸಿ ಮೆತ್ತೆ ಹಾಕಿದಳು. ಬೆಳಕು ಹರಿಯುವ ಮುಂಚೆ ಕುಣಿಗಲ್ ಬಿಟ್ಟೆವು. ಮುಂದೆ ವೇಣಿ, ಅವಳ ಹಿಂದೆ ಗಾಡಿ ತಳ್ಳುತ್ತಾ ಭಾವ, ಅವರ ಹಿಂದೆ ಪಟಪಟ ಎನ್ನುತ್ತಾ ನಾನು.

ಸಂಘದವರು ಗಾಡಿಗೆ ಒಂದು ಬ್ಯಾನರ್ ಕಟ್ಟಿದ್ದರು. ‘ಸಮನ್ವಯ ಶಿಕ್ಷಣಕ್ಕಾಗಿ ಓಟ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರೂ ಅದನ್ನು ಓದಿದವರು ಯಾರೂ ಇಲ್ಲ. ನಮ್ಮ ಕಡೆಯ ಜನ ಹೇಗೆ ಎಂದು ನಿಮಗೆ ಗೊತ್ತಲ್ಲ. ಒಬ್ಬ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಹೋಗುತ್ತಿದ್ದಾನೆ, ಮುಂದೆ ಕಾಲು ಬಾರದ ಮಗು ಕೂತಿದೆ ಎಂದರೆ ಹರಕೆಯಲ್ಲದೆ ಇನ್ನೇನು? ಹೆಬ್ಬೂರಿನಲ್ಲಿ ಹೆಂಗಸರು ತಂಬಿಗೆಯಲ್ಲಿ ನೀರು ತಂದು ಭಾವನ ಕಾಲಿಗೆ ಸುರಿದು ಕೈಮುಗಿದರು. ಅವರ ಶೂ ಎಲ್ಲ ಒದ್ದೆ. ಒಬ್ಬ ಅಜ್ಜಿ ನನ್ನ ಲೂನಾ ಅಡ್ಡಗಟ್ಟಿ, ‘ಯಾವ್ ದೇವ್ರಿಗಪ್ಪ ಹರಕೆ?’ ಅಂದಳು.

‘ದೇವ್ರಿಗಲ್ಲ ಕಣಜ್ಜಿ, ಸ್ಕೂಲಿಗೆ.’

‘ಸುಮ್ಕಿರು, ಸ್ಕೂಲಿಗೆ ಯಾರಾನ ಹರಕೆ ಹೊತ್ಕೋತಾರಾ?’ ಎಂದು ನನ್ನನ್ನು ಗದರಿ, ವೇಣಿಯ ಕೆನ್ನೆ ಸವರಿದಳು. ‘ನೀನೇನೂ ಯೋಚ್ನೆ ಮಾಡ್ಬ್ಯಾಡ ಕಣವ್ವ. ನಿಮ್ಮಪ್ಪ ಹಿಂಗೆ ಓಡ್ತಾವ್ನೆ ಅಂದ್ರೆ ಶಿವ ಕಾಲು ಕೊಡ್ದೆ ಇರ್ತಾನಾ? ಊರು ಮುಟ್ಟೋ ಹೊತ್ಗೆ ನಡೀತೀಯ ನೋಡು.’

ಅಲ್ಲಿಂದ ಅದೇ ಮಾತು ಊರೂರಲ್ಲಿ. ಗೂಳೂರಿನಲ್ಲಿ ಎಳನೀರು ಕೆತ್ತಿಕೊಟ್ಟವನು ಹೇಳಿದ. ತುಮಕೂರಿನಲ್ಲಿ ಹೂವಿನವಳು ಒಂದು ಮೊಳ ಕನಕಾಂಬರ ವೇಣಿಗೆ ಮುಡಿಸಿ ಹೇಳಿದಳು. ಹೆಗ್ಗೆರೆ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದಲೂ ಯಾರೋ ಕೂಗಿ ಹೇಳಿದರು. ಭಾವನ ಕಿವಿಗೆ ಇದಾವುದೂ ಬಿದ್ದಂತಿರಲಿಲ್ಲ. ಉಸಿರು ಎಳೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಗಾಡಿ ನಾನೊಂದಿಷ್ಟು ತಳ್ಳುತ್ತೇನೆ ಎಂದರೆ ತಲೆಯಲ್ಲಾಡಿಸಿಬಿಟ್ಟರು. ಬೆಳಗ್ಗೆಯೆಲ್ಲ ಹಾಡುತ್ತಿದ್ದ ವೇಣಿ ಮಧ್ಯಾಹ್ನದ ಮೇಲೆ ಸುಮ್ಮನಾದಳು. ಬಿಸಿಲಿಗೆ ಬಳಲಿದೆ ಮಗು ಎಂದುಕೊಂಡೆ.

ಸಂಜೆ ಗುಬ್ಬಿಯಲ್ಲಿ ಆ ಪ್ರೈಮರಿ ಶಾಲೆಯ ಮುಂದೆ ಊರಿಗೆ ಊರೇ ಸೇರಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು, ಹೆಡ್ಮಾಸ್ಟರು ಹಾರ ಹಿಡಿದಿದ್ದರು, ಬ್ಯಾಂಡಿನವರೂ ಇದ್ದರು. ಭಾವ ಬಂದು ನಿಂತರು. ಆಗ ವೇಣಿ, ‘ಅಪ್ಪ, ಇಳ್ಸು. ನಿಂತ್ಕೋತೀನಿ’ ಎಂದಳು.

ಕೆಲವು ಹೆಂಗಸರು ಕೈ ಮುಗಿದುಕೊಂಡರು. ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳೇ ಗಾಡಿಯ ಹಿಡಿ ಹಿಡಿದು ಕೆಳಕ್ಕೆ ಜಾರಿದಳು. ಪಾದ ನೆಲಕ್ಕೆ ತಾಗಿತು, ಮಂಡಿ ಮಡಿಚಿಕೊಂಡಿತು. ಹಿಡಿಯಲು ಬಾಗಿದ ಭಾವನ ಕಾಲಲ್ಲೂ ಶಕ್ತಿಯಿರಲಿಲ್ಲ. ಅಪ್ಪ ಮಗಳು ಇಬ್ಬರೂ ಮಣ್ಣಿನಲ್ಲಿ ಕೂತುಬಿಟ್ಟರು. ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಭಾವ, ‘ತಪ್ಪಾಯ್ತು ಕಣಮ್ಮ, ತಪ್ಪಾಯ್ತು’ ಎಂದು ಅದನ್ನೇ ಹೇಳುತ್ತಿದ್ದರು. ಕಾರ್ಯಕ್ರಮ ಮುಗಿಯಿತು ಎಂದುಕೊಂಡು ಬ್ಯಾಂಡಿನವರು ಬಾರಿಸಲು ಶುರುಮಾಡಿದರು. ನಾನು ಲೂನಾ ಸ್ಟ್ಯಾಂಡ್ ಹಾಕುವುದನ್ನೂ ಮರೆತು ನಿಂತು ಅತ್ತೆ.

ದುಡ್ಡು ಬೇಕಾದಷ್ಟು ಕೂಡಿತು. ಇಳಿಜಾರು ಕಟ್ಟಿದರು, ಆಯಾ ಬಂದಳು, ವೇಣಿ ಎರಡನೇ ಬೆಂಚಿನಲ್ಲಿ ಕೂತಳು. ಓದಿದಳು, ಬಿ.ಎ. ಮುಗಿಸಿದಳು, ಈಗ ಅದೇ ಸಂಘದಲ್ಲಿ ಕೆಲಸಕ್ಕಿದ್ದಾಳೆ. ಕೇಳಿದ್ದೆಲ್ಲ ಸಿಕ್ಕಿತಲ್ಲ ಎಂದು ನೀವು ಅನ್ನಬಹುದು. ಆದರೆ ಭಾವ ಆಮೇಲೆ ಓಡಲಿಲ್ಲ. ನಿಟ್ಟೂರು ರಸ್ತೆಯನ್ನೂ ಬಿಟ್ಟರು, ಎಣ್ಣೆಯನ್ನೂ ಬಿಟ್ಟರು. ಸಂಘದವರು ವರ್ಷವರ್ಷ ಓಟ ಮಾಡಿ, ಬಾವುಟ ತೋರಿಸಲು ಬನ್ನಿ ಮೇಷ್ಟ್ರೇ ಎಂದು ಕರೆದರೆ, ಏನಾದರೊಂದು ನೆಪ ಹೇಳುತ್ತಿದ್ದರು. ಒಮ್ಮೆ ಮಾತ್ರ ನನ್ನೆದುರು, ‘ಮಗೀಗೆ ಇಲ್ಲದ ಆಸೆ ಹುಟ್ಟಿಸ್ಬಿಟ್ಟೆ ಕಣಯ್ಯ. ಆ ಮುಖ ನನ್ ಕಣ್ಣಿಂದ ಹೋಗಲ್ಲ’ ಎಂದರು. ಈ ಸಲ ಶಿವರಾತ್ರಿ ಕಳೆದ ಮೇಲೆ ಎದೆನೋವು ಎಂದವರು ಆಸ್ಪತ್ರೆಯನ್ನೂ ಮುಟ್ಟಲಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಾನು ಜಗಲಿಯಲ್ಲಿ ಕೂತಿದ್ದೆ. ವೇಣಿ ಗಾಲಿಕುರ್ಚಿ ಉರುಳಿಸಿಕೊಂಡು ಪಕ್ಕಕ್ಕೆ ಬಂದಳು.

‘ಮಾವ, ಅವತ್ತು ನಾನು ಇಳ್ಸು ಅಂದಿದ್ದಕ್ಕೆ ಅಪ್ಪ ಏನಂತಿದ್ರು?’

ಮುಚ್ಚಿಡಲು ಮನಸ್ಸಾಗಲಿಲ್ಲ. ‘ನಿಂಗೆ ಆಸೆ ಹುಟ್ಟಿಸ್ಬಿಟ್ಟೆ ಅಂತ ಕೊರಗ್ತಿದ್ರು ಕಣಮ್ಮ.’

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಉರುಳಿಸಿಕೊಂಡಳು. ‘ನಂಗೆ ಕಾಲು ಬರಲ್ಲ ಅಂತ ಗೊತ್ತಿತ್ತು ಮಾವ. ಡಾಕ್ಟ್ರು ಹೇಳಿದ್ದನ್ನ ಕೇಳಿಸ್ಕೊಂಡಿದ್ದೆ. ದಾರೀಲಿ ಎಲ್ರೂ ಹೇಳ್ತಿದ್ರಲ್ಲ, ಅಪ್ಪ ಓಡ್ತಿರೋದು ಅದಕ್ಕೇ ಅಂದ್ಕೊಂಡೆ. ಅಷ್ಟು ದೂರ ಓಡಿದಾರೆ, ನಾನು ಒಂದ್ಸಲ ನಿಂತ್ಕೊಳ್ಳೋಕಾದ್ರೂ ನೋಡ್ದೆ ಇದ್ರೆ ಅವ್ರಿಗೆ ಹೆಂಗಾಗುತ್ತೆ ಅಂತ ಇಳ್ದೆ. ಅವರಾಸೆ ಈಡೇರ್ಲಿಲ್ವಲ್ಲ ಅಂತ ನಂಗೆ ಸಂಕಟ ಆಗಿದ್ದು.’

‘ಇದನ್ನ ಅವ್ರಿಗೆ ಹೇಳ್ಲಿಲ್ವಾ?’

‘ಅವ್ರು ಆ ಮಾತು ಎತ್ತಿದ್ರೆ ಹೇಳೋಣ ಅಂತಿದ್ದೆ. ನಂಗೆ ಬೇಜಾರಾಗುತ್ತೆ ಅಂತ ಅವ್ರು ಎತ್ಲಿಲ್ಲ. ಅವ್ರಿಗೆ ಬೇಜಾರಾಗುತ್ತೆ ಅಂತ ನಾನೂ ಎತ್ಲಿಲ್ಲ.’

ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡ ಅಪ್ಪ ಮಗಳು. ಆಮೇಲೆ ಅವಳೇ ಕೇಳಿದಳು. ‘ಅಪ್ಪ ಹೆಂಗ್ ಓಡ್ತಿದ್ರು ಮಾವ? ನಾನು ನೋಡ್ಲೇ ಇಲ್ಲ. ಮುಂದೆ ಕೂತಿದ್ನಲ್ಲ, ಬರೀ ಉಸಿರು ಕೇಳುಸ್ತಿತ್ತು.’

‘ಅಂಥಾ ಚೆಂದವಾಗೇನೂ ಓಡ್ತಿರ್ಲಿಲ್ಲ ಕಣಮ್ಮ’ ಎಂದೆ. ‘ಎಡಗಡೆ ಭುಜ ಇಳಿಬಿಟ್ಕೊಂಡು ಓಡೋರು. ಗುಂಡಿ ಬಂದ್ರೆ ರಸ್ತೆ ನೋಡ್ತಿರ್ಲಿಲ್ಲ, ನಿನ್ ತಲೆ ನೋಡೋರು, ಅಲ್ಲಾಡಿದ್ರೆ ಮೆಲ್ಲಗಾಗೋರು. ನೀನು ನಿದ್ದೆ ಹೋದಾಗ ಸದ್ದಾಗ್ಬಾರ್ದು ಅಂತ ತುದಿಗಾಲಲ್ಲಿ ಓಡಿದ್ರು.’

ಅವಳು ನಕ್ಕಳು, ನಗುತ್ತಲೇ ಅತ್ತಳು. ಕಣ್ಣೊರೆಸಿಕೊಂಡು, ‘ಹಂಗಲ್ಲ, ಮೊದ್ಲಿಂದ ಹೇಳು ಮಾವ. ಕುಣಿಗಲ್ಲಿಂದ’ ಎಂದಳು.

ಈಗ ಭಾನುವಾರ ಭಾನುವಾರ ಬಸ್ಸು ಹಿಡಿದು ಗುಬ್ಬಿಗೆ ಹೋಗುತ್ತೇನೆ. ಎಲ್ಲಿಗೂ ಕದಲದ ಮನುಷ್ಯ ಇದೇನು ಎಂದು ಹೆಂಡತಿಗೆ ಆಶ್ಚರ್ಯ. ನಾನು ಹೇಳುತ್ತೇನೆ, ವೇಣಿ ಕೇಳುತ್ತಾಳೆ, ಅಕ್ಕ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಕಳೆದ ವಾರ ಭಾವ ಗೂಳೂರು ದಾಟಿದರು. ಗುಬ್ಬಿ ಇನ್ನೂ ದೂರ ಇದೆ. ನಮಗೆ ಯಾರಿಗೂ ಅವಸರವಿಲ್ಲ.