ಥೈಲ್ಯಾಂಡಿನ ಉಂಡೆಗೆ ನಮ್ಮತ್ತೆಯ ಪಾಕ

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದು ಹದಿನೆಂಟು ವರ್ಷವಾದರೂ ನನ್ನ ಅಡುಗೆ ಚೆನ್ನಾಗಿದೆ ಎಂದು ನಮ್ಮತ್ತೆ ಒಮ್ಮೆಯೂ ಹೇಳಿರಲಿಲ್ಲ. ಕೆಟ್ಟಿದೆ ಎಂದೂ ಹೇಳುವವರಲ್ಲ. ತಟ್ಟೆ ಪೂರ್ತಿ ಖಾಲಿ ಮಾಡಿ, "ಮಸಾಲಿ ಇನ್ನೊಂಚೂರು ಹುರೀಬೇಕಿತ್ತು" ಎನ್ನುತ್ತಾರೆ. ಮುಂದಿನ ವಾರ ಹುರಿದರೆ, "ಜಾಸ್ತಿ ಹುರದಿ ನೋಡು." ಕಚೇರಿಯಲ್ಲಿ ನಾನು ಬರೆದ ಟಿಪ್ಪಣಿಗೆ ಸಾಹೇಬರೇ ತಲೆಯಾಡಿಸುತ್ತಾರೆ, ಮನೆಯಲ್ಲಿ ಮಾತ್ರ ನನ್ನ ಪ್ರೊಬೇಷನ್ ಮುಗಿದೇ ಇಲ್ಲ. ಒಂದೇ ಒಂದು ಸಲ ಅವರ ಬಾಯಿಂದ "ಚಲೋ ಆಗೈತಿ" ಎನ್ನಿಸಬೇಕೆಂಬ ಹಟ ನನಗೆ.

ಅತ್ತೆಗೆ ಗೊತ್ತೇ ಇಲ್ಲದ ಅಡುಗೆ ಮಾಡಿದರೆ ತಪ್ಪು ಹುಡುಕುವುದಾದರೂ ಹೇಗೆ? ಮೊಬೈಲಿನಲ್ಲಿ ಸಿಕ್ಕಿತು: ಥಾಯ್ ಶೈಲಿಯ ಮೀಟ್‌ಬಾಲ್. ಖೀಮಾ ಉಂಡೆಗಳನ್ನು ಕರಿದು, ಸಿಹಿ, ಹುಳಿ, ಖಾರ ಬೆರೆತ ತೆಳು ಪಾಕದಲ್ಲಿ ಹೊರಳಿಸಿ ಹೊಳಪು ಬರಿಸಬೇಕು. ಹರಪನಹಳ್ಳಿಯಿಂದ ನನ್ನ ಗಂಡನ ಅಕ್ಕ ಮತ್ತು ಅವರ ಯಜಮಾನರು ಭಾನುವಾರ ಊಟಕ್ಕೆ ಬರುವವರಿದ್ದರು. ಸಾಕ್ಷಿಗೂ ಜನ ಸಿಕ್ಕಂತಾಯಿತು.

ಮೀನಿನ ಸಾಸ್ ಹಾಕಬೇಕಂತೆ. ಹಂಪಸಾಗರದ ಕಡೆಯಿಂದ ಮೀನು ಬೇಕಾದಷ್ಟು ಬರುತ್ತದೆ, ಸಾಸ್ ಮಾಡುವ ಉಸಾಬರಿಗೆ ಮಾತ್ರ ಯಾರೂ ಹೋಗಿಲ್ಲ. ಅದನ್ನು ಬಿಟ್ಟೆ. ಸೋಯಾ ಸಾಸನ್ನು ಗೋಬಿ ಮಂಚೂರಿ ಗಾಡಿಯವರು ಸಣ್ಣ ಬಾಟಲಿಗೆ ಬಗ್ಗಿಸಿಕೊಟ್ಟರು. ಸಕ್ಕರೆಯ ಬದಲು ಬೆಲ್ಲ ಹಾಕಿದೆ. ಅಲ್ಲೇ ನಾನು ಕೆಟ್ಟಿದ್ದು. ಅತ್ತೆಗೆ ಥೈಲ್ಯಾಂಡ್ ಗೊತ್ತಿಲ್ಲ, ನಿಜ. ಬೆಲ್ಲ ಗೊತ್ತಿಲ್ಲವೇ?

ಒಲೆಯ ಮೇಲೆ ಬೆಲ್ಲ, ಸೋಯಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಚೂರು ಕುದಿಯುತ್ತಿದ್ದಾಗ ಅತ್ತೆ ಬಂದು ಸೌಟಿನಲ್ಲಿ ಎತ್ತಿ ನೋಡಿದರು.

"ಇದೇನವಾ, ನೀರು ನೀರ ಐತಿ. ಉಂಡಿಗೆ ಇಂಥಾ ಪಾಕ ನಡೀತೈತೇನು?"

"ಇದು ಹಿಂಗ ಇರಬೇಕಂತ್ರಿ," ಎಂದೆ.

ಅಷ್ಟರಲ್ಲಿ ಬಾಗಿಲಲ್ಲಿ ಹರಪನಹಳ್ಳಿಯವರ ದನಿ. ನೀರು ಕೊಟ್ಟು, ಬಸ್ಸಿನಲ್ಲಿ ಸೀಟು ಸಿಗದ ಕಥೆಯನ್ನು ಪೂರ್ತಿ ಕೇಳಿ ಒಳಗೆ ಬರುವಷ್ಟರಲ್ಲಿ ಅತ್ತೆ ನನ್ನ ಪಾಕವನ್ನು ಶೇಂಗಾ ಉಂಡೆಯ ಹದಕ್ಕೆ ತಂದಿದ್ದರು. ಬಟ್ಟಲ ನೀರಿಗೆ ಹನಿ ಬಿಟ್ಟು, ಗಟ್ಟಿಯಾದ ಹನಿಯನ್ನು ಬಟ್ಟಲಿಗೆ ಬಡಿದು ಟಣ್ ಎನಿಸಿ ನನಗೆ ಕೇಳಿಸಿದರು. ನಾನು ಕರಿದಿಟ್ಟಿದ್ದ ಖೀಮಾ ಉಂಡೆಗಳು ಆಗಲೇ ಅದರಲ್ಲಿ ಬಿದ್ದಾಗಿತ್ತು. ಕೈ ಒದ್ದೆ ಮಾಡಿಕೊಂಡು ಒಂದೊಂದನ್ನೂ ಒತ್ತಿ ದುಂಡಗೆ ಮಾಡಿ ಫ್ಯಾನಿನ ಕೆಳಗೆ ಆರಲು ಇಟ್ಟರು. ಹೊಳಪೇನೋ ವಿಡಿಯೋದಲ್ಲಿದ್ದದ್ದಕ್ಕಿಂತ ಚೆನ್ನಾಗಿ ಬಂತು.

ಊಟಕ್ಕೆ ಕುಳಿತಾಗ ಅಕ್ಕನ ಯಜಮಾನರು ಒಂದನ್ನು ಕಚ್ಚಿ, ಹೊರತೆಗೆದು, ತಿರುಗಿಸಿ ನೋಡಿ, ಮತ್ತೊಂದು ಕಡೆಯಿಂದ ಕಚ್ಚಿದರು. "ಅಡಕತ್ತಿ ಎಲ್ಲೈತಿ?" ಎಂದು ನನ್ನ ಗಂಡ ಕೇಳಿದರು. ಅಕ್ಕ ಮಾತ್ರ ನಗಲಿಲ್ಲ. ಉಂಡೆಯನ್ನು ತಟ್ಟೆಯ ಅಂಚಿಗೆ ತಳ್ಳಿ ನನ್ನತ್ತ ತಿರುಗಿದರು.

"ಚಲೋ ಖೀಮಾ ಹಾಳು ಮಾಡಿದ್ಯಲ್ಲವಾ. ಇಷ್ಟು ವರ್ಷಾದ್ರೂ ನಮ್ಮವ್ವನ ಕೈ ನೋಡಿ ಕಲೀಲಿಲ್ಲೇನು?"

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಆ ಮುಖದಲ್ಲಿ ಗಾಬರಿ ಕಂಡದ್ದು ಅದೇ ಮೊದಲು. ಅವರು ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಗಳ ತೀರ್ಪು ಬಂದಾಗಿತ್ತು, ಅಪರಾಧಿ ನಾನೇ.

"ಕೆಡಿಸಿದಾಕಿ ನಾನು," ಎಂದರು ಅತ್ತೆ. "ಅಕಿಗೇನ ಅಂತಿ? ಅಕಿ ಸರಿಯಾಗೇ ಮಾಡಿದ್ಲು, ನಡುವ ನಾನ ಕೈ ಹಾಕೀನಿ. ನನಗಿಂತ ಅಕಿ ಕೈ ಚಲೋ ಐತಿ. ದಿನಾ ಉಣ್ಣಾಕಿ ನಾನು, ನನಗ ಗೊತ್ತಿಲ್ಲೇನು?"

ಚಟ್ನಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಸಂತೋಷ ಅರ್ಧ, ಸಿಟ್ಟು ಅರ್ಧ. ಗೊತ್ತಿತ್ತಂತೆ! ಹದಿನೆಂಟು ವರ್ಷ, ದಿನಕ್ಕೆ ಎರಡು ಹೊತ್ತು, ಗೊತ್ತಿತ್ತಂತೆ.