ಕಾಯಿ ಒಡೆದವರು ಯಾರು

ಕಳೆದ ವರ್ಷ ಖಂಡೇನವಮಿಯ ದಿನ ಪುಣೆಯ ಹಡಪಸರದ ನಮ್ಮ ಕಚೇರಿಯಲ್ಲಿ ಆಯುಧಪೂಜೆಯ ತೆಂಗಿನಕಾಯಿ ಒಡೆದವರು ನಮ್ಮ ಕಂಪನಿಯವರಲ್ಲ. ಪ್ರತಿವರ್ಷ ಬಾಗಿಲ ಬಳಿ ಕಾಯಿ ಒಡೆಯುವವರು ಎಂ.ಡಿ. ಆ ಸಲ ಅವರು ಕಾಯಿಯನ್ನು ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರ ಕೈಗಿಟ್ಟು ಹಿಂದೆ ಸರಿದರು. ಕಾಯಿ ಒಡೆಯಿತು, ಪೇಢೆ ಹಂಚಿದರು. ಊಟದ ಹೊತ್ತಿಗೆ ಕ್ಯಾಂಟೀನಿನ ಮಾತಿನಲ್ಲಿ ನಮ್ಮ ಪಂಪು ತಯಾರಿಸುವ ಕಂಪನಿ ಗುಜರಾತಿನ ದೊಡ್ಡ ಕಂಪನಿಯೊಂದರಲ್ಲಿ ವಿಲೀನವಾಗಿಬಿಟ್ಟಿತ್ತು.

ಅತಿಥಿಗೆ ಮರ್ಯಾದೆ ಮಾಡಿರಬಹುದು ಎಂದು ನಾನು ಹೇಳಿದೆ. ಎದುರಿಗೆ ಕೂತಿದ್ದ ಅಕೌಂಟ್ಸ್ ವಿಭಾಗದ ಗೆಳೆಯ, ವಿಜಯಪುರ ಕಡೆಯವರು, ಒಪ್ಪಲಿಲ್ಲ.

"ಪಾವಣ್ಯಾರಿಗೆ ಶಾಲು ಹೊಚ್ಚತಾರ್ರಿ. ಕೈಯಾಗ ಕಾಯಿ ಕೊಟ್ಟು ಯಜಮಾನ ಹಿಂದ ಸರಿಯೂದಿಲ್ಲ."

ನೌಕರರಿಗೆಂದು ಈ ಕಂಪನಿ ತಿಂಗಳಿಗೊಮ್ಮೆ ಹೊರಡಿಸುವ ಒಳಪತ್ರಿಕೆಯನ್ನು ನಾನು ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. ಎರಡು ಕಡೆಯಿಂದ ಖಚಿತವಾಗದ ಮಾತನ್ನು ಬರೆಯಬಾರದು ಎಂಬುದು ಅಲ್ಲಿ ಕಲಿತ ಪಾಠ. ಇಲ್ಲಿ ಒಂದು ಕಡೆಯಿಂದಲೂ ಏನೂ ಖಚಿತವಾಗುತ್ತಿರಲಿಲ್ಲ. ಎಚ್.ಆರ್. ಮೇಡಂ ಅವರನ್ನು ಕೇಳಿದೆ. ಬಂದವರು ಪಾಹುಣೆ, ಬರೀ ಅತಿಥಿ, ಅಷ್ಟೇ ಎಂದು ಮರಾಠಿಯಲ್ಲಿ ಹೇಳಿ, ಚಹಾ ತರಿಸಿದರು. ಸಂಜೆ ಅವರದೇ ಫೋನು ಬಂತು. ಪೂಜೆಯ ಫೋಟೊ ಈ ಸಲ ಬೇಡ, ಮುಖಪುಟಕ್ಕೆ ಬೇರೆ ಏನಾದರೂ ಹಾಕಿ ಎಂದರು. ಕಾರಣ ಕೇಳಿದ್ದಕ್ಕೆ ಮೇಲಿನಿಂದ ಹೇಳಿದ್ದಾರೆ ಎಂಬ ಉತ್ತರ. ಗಿಡ ನೆಡುತ್ತಿರುವ ಫೋಟೊ ಹಾಕಿದೆ.

ಅಲ್ಲಿಯವರೆಗೆ ಒಳಪತ್ರಿಕೆಯನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಅಕ್ಟೋಬರ್ ಸಂಚಿಕೆಯ ಮುಖಪುಟದಲ್ಲಿ ಪೂಜೆ ಇಲ್ಲದ್ದನ್ನು ಎಲ್ಲರೂ ನೋಡಿದರು. ಸಂಜೆ ನಮ್ಮ ಮನೆಯಿರುವ ನಿಗಡಿಗೆ ಮರಳುವ ಕಂಪನಿ ಬಸ್ಸಿನಲ್ಲಿ ಒಬ್ಬರಾದ ಮೇಲೊಬ್ಬರು ನನ್ನ ಪಕ್ಕಕ್ಕೆ ಬಂದು ಕೂರತೊಡಗಿದರು. ನನಗೆ ಗೊತ್ತಿಲ್ಲ ಎಂದರೆ ಹೇಳುವಂತಿಲ್ಲ ಎಂದು ಅರ್ಥ ಮಾಡಿಕೊಂಡು ಎದ್ದುಹೋಗುತ್ತಿದ್ದರು.

ನನಗೂ ಗೊತ್ತಾಗಬೇಕಿತ್ತು. ಅಮ್ಮನ ಎರಡೂ ಮೊಣಕಾಲು ಸವೆದಿವೆ. ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಸಕ್ಕರೆ ಹೆಚ್ಚಿದ್ದುದರಿಂದ ಆಪರೇಷನ್ ಮುಂದಕ್ಕೆ ಹೋಗಿತ್ತು. ಖರ್ಚು ಕಂಪನಿಯ ವಿಮೆಯದು. ನಮ್ಮಲ್ಲಿ ನೌಕರರ ತಂದೆ ತಾಯಿಗೂ ಅದು ಅನ್ವಯಿಸುತ್ತದೆ. ಅಮ್ಮನ ವಯಸ್ಸಿಗೆ, ಅವಳ ಸಕ್ಕರೆಗೆ, ಹೊರಗೆ ನಾನು ವಿಚಾರಿಸಿದ ಯಾರೂ ಹೊಸ ಪಾಲಿಸಿ ಕೊಡಲು ತಯಾರಿರಲಿಲ್ಲ. ವಿಲೀನವಾದರೆ ಮೊದಲು ಕೈಬಿಡುವುದು ತಂದೆ ತಾಯಿಯನ್ನೇ ಎಂದು ಬಸ್ಸಿನಲ್ಲಿ ಹೇಳುತ್ತಿದ್ದರು. ಅದೂ ಖಚಿತವಲ್ಲ.

ಮನೆಯಲ್ಲಿ ಇದನ್ನು ಮುಚ್ಚಿಡಬೇಕೆಂದಿದ್ದೆ. ಆಗಲಿಲ್ಲ. ಅಕೌಂಟ್ಸ್ ಗೆಳೆಯರ ಹೆಂಡತಿ ಅಮ್ಮನಿಗೆ ಫೋನು ಮಾಡಿ ಆಪರೇಷನ್ ಬೇಗ ಮುಗಿಸಿಕೊಳ್ಳಿ ಎಂದುಬಿಟ್ಟಿದ್ದರು. ನಾನು ಬೂಟು ಬಿಚ್ಚುವಾಗ ಅಮ್ಮ ಕೇಳಿದಳು.

"ಪೇಪರಿನ್ಯಾಗ ಇದ್ದಾಗ ಊರಂದೆಲ್ಲಾ ನಿನಗ ಗೊತ್ತಿರತಿತ್ತು. ಈಗ ನಿನ್ನ ಆಫೀಸಿಂದ ನಿನಗ ಗೊತ್ತಿಲ್ಲೇನು?"

"ಇಲ್ಲಬೇ."

"ಮತ್ತ ಪಗಾರ ಯಾತಕ್ಕ ಕೊಡತಾರ?"

ಮರುವಾರ ಡಾಕ್ಟರ ಬಳಿ ಹೋದೆವು. ಬೇಗ ಮಾಡಲು ಸಾಧ್ಯವೇ ಎಂದು ಕೇಳಿದೆ, ಕಾರಣವನ್ನೂ ಹೇಳಿದೆ. ಅವರು ರಿಪೋರ್ಟು ನೋಡಿದರು. ಈ ಸಕ್ಕರೆಯಲ್ಲಿ ಗಾಯ ಮಾಯುವುದಿಲ್ಲ, ಸೋಂಕು ತಗುಲಿದರೆ ಕಾಲೇ ಹೋಗಬಹುದು, ನಿಮ್ಮ ಕಂಪನಿಯ ಅವಸರಕ್ಕೆ ನಾನು ಕತ್ತಿ ಹಿಡಿಯಲಾರೆ ಎಂದರು. ಮಾತು ನ್ಯಾಯವಾಗಿತ್ತು. ಊಟದಲ್ಲಿ ಪಥ್ಯ, ದಿನವೂ ನಡಿಗೆ ಎಂದು ಬರೆದುಕೊಟ್ಟರು.

ಅಮ್ಮ ಅನ್ನ ಬಿಟ್ಟಳು. ದೀಪಾವಳಿಗೆ ಮಾಡಿದ ಕರ್ಜಿಕಾಯಿಯನ್ನು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನಮ್ಮ ಮಹಡಿಯ ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯತೊಡಗಿದಳು. ಎಂಟು ದಿನಕ್ಕೆ ಎಡ ಮೊಣಕಾಲು ಬಾತುಕೊಂಡಿತು. ನಡೆಯುವುದನ್ನು ನಿಲ್ಲಿಸು ಎಂದೆ. ಬಿಸಿನೀರಿನ ಚೀಲ ಕಾಲ ಮೇಲಿಟ್ಟುಕೊಂಡು ನಕ್ಕಳು.

"ಸಕ್ಕರಿ ಇಳೀಬೇಕಂದ್ರ ನಡೀಬೇಕು. ನಡೀಬೇಕಂದ್ರ ಮೊಣಕಾಲು ಬೇಕು. ಮೊಣಕಾಲು ಬೇಕಂದ್ರ ಸಕ್ಕರಿ ಇಳೀಬೇಕು. ಯಾವುದು ಮೊದಲು ಮಾಡ್ಲೆಪಾ?"

ಬಾವು ಇಳಿದ ಮೇಲೆ ಮತ್ತೆ ನಡೆಯತೊಡಗಿದಳು. ನಾನು ಕಚೇರಿಗೆ ಹೊರಡುವಾಗ ಲಿಫ್ಟಿನ ಬಾಗಿಲವರೆಗೆ ಬರುತ್ತಿದ್ದಳು, ಕಳಿಸಲೆಂದಲ್ಲ, ಅಲ್ಲಿಗೆ ಅವಳ ಸುತ್ತು ಮುಗಿಯುತ್ತಿತ್ತು. ಕಚೇರಿಯಲ್ಲಿ ಎಚ್.ಆರ್. ಮೇಡಂ ಅವರನ್ನು ವಿಮೆಯ ಬಗ್ಗೆ ಲಿಖಿತವಾಗಿ ಕೇಳಿದೆ. ನಿಮ್ಮ ಪ್ರಶ್ನೆಯನ್ನು ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂಬ ಉತ್ತರ ಬಂತು. ಸಂಬಂಧಪಟ್ಟವರು ಯಾರು ಎಂದು ಮತ್ತೆ ಕೇಳಿದೆ. ಅದಕ್ಕೆ ಉತ್ತರವಿಲ್ಲ. ಡಿಸೆಂಬರಿನಲ್ಲಿ ಮೇಡಂ ಅವರೇ ಕೆಲಸ ಬಿಟ್ಟರು. ಅದಕ್ಕೂ ಬಸ್ಸಿನಲ್ಲಿ ಮೂರು ಕಾರಣ ಓಡಾಡಿದವು.

ಈ ವಾರ ಕಂಪನಿಯಿಂದ ಮೇಲ್ ಬಂದಿದೆ. ಈಗಿನ ವಿಮೆ ಮಾರ್ಚ್ ಕೊನೆಯವರೆಗೆ ಚಾಲ್ತಿಯಲ್ಲಿರುತ್ತದೆ, ತಂದೆ ತಾಯಿಯ ವಿಷಯವನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು ಎಂದಿದೆ, ವಿಲೀನದ ಸುದ್ದಿ ಅದರಲ್ಲಿಲ್ಲ. ಅಮ್ಮನ ಸಕ್ಕರೆ ಹಿಂದಿನ ಪರೀಕ್ಷೆಗಿಂತ ಸ್ವಲ್ಪ ಇಳಿದಿದೆ. ಡಾಕ್ಟರು ಹೇಳಿದ ಮಟ್ಟಕ್ಕೆ ಇನ್ನೂ ಬಂದಿಲ್ಲ.