ಚರಗದ ದಿನ ಅಲುಗಿದ ಜೋಳ

ಅದಿರಿನ ಲಾರಿಗಳು ನಮ್ಮೂರಿನ ದಾರಿಯನ್ನು ಇನ್ನೂ ಕಂಡಿರದ ಕಾಲ ಅದು. ಚಳಿಗಾಲದ ಬೆಳಗಿನಲ್ಲಿ ಸಂಡೂರಿನ ಗುಡ್ಡಗಳಿಂದ ಇಳಿದು ಬರುತ್ತಿದ್ದುದು ಕೆಂಪು ದೂಳಲ್ಲ, ಕೌಜುಗದ ಹಕ್ಕಿಗಳ ಕೂಗು. ಜೋಳ ಹಾಲುಗಾಳಿಗೆ ಬಂತೆಂದರೆ ಜಿಂಕೆಗಳೂ ಬರುತ್ತಿದ್ದವು. ನಮ್ಮ ಕಡೆ ಅವಕ್ಕೆ ಚಿಗರಿ ಎನ್ನುತ್ತಾರೆ. ಮಕ್ಕಳಾದ ನಾವು ಬದುವಿನ ಮೇಲೆ ಅವುಗಳ ಗೊರಸಿನ ಗುರುತು ಹುಡುಕಿ, ಒಳಗೆ ಬೆರಳಿಟ್ಟು, ರಾತ್ರಿಯದೋ ಬೆಳಗಿನದೋ ಎಂದು ವಾದಿಸುತ್ತಿದ್ದೆವು.

ಆ ವರ್ಷ ಅಪ್ಪ ಗುಡ್ಡದ ಬುಡದ ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದ. ಹಿಡಿದವರು ಕಂಪ್ಲಿ ಕಡೆಯ ಕ್ಯಾಂಪಿನ ಸುಬ್ಬಯ್ಯನವರು. ಆಂಧ್ರದಿಂದ ಬಂದು ಕಾಲುವೆ ನೀರಿನಲ್ಲಿ ಭತ್ತ ಬೆಳೆದ ಮನೆತನ. ಮಳೆ ನಂಬಿದ ಜೋಳದ ಹೊಲ ಅವರಿಗೆ ಹೊಸದು. ಕಾಡುಹಂದಿಯಿಂದ ಬೆಳೆ ಕಾಯಲೆಂದು ಬಂದೂಕು ಇಟ್ಟುಕೊಂಡಿದ್ದರು. ಅದು ಕೌಜುಗ, ಚಿಗರಿಗಳ ಮೇಲೂ ತಿರುಗುತ್ತದೆ ಎಂದು ಊರಲ್ಲಿ ಗುಸುಗುಸು ಇತ್ತು. ಬೇಟೆ ಕಾನೂನಿಗೆ ವಿರುದ್ಧ ಎಂಬುದು ಗೊತ್ತಿದ್ದವರೂ ಸುಮ್ಮನಿದ್ದರು.

ನನ್ನ ತಲೆ ತಿನ್ನುತ್ತಿದ್ದುದು ಬೇರೆ ಪ್ರಶ್ನೆ. ಹೊಲ ನಮ್ಮದು, ಜೋಳ ಅವರದು. ಹಾಗಾದರೆ ಜೋಳ ತಿಂದ ಚಿಗರಿ ಯಾರದು? ಅಪ್ಪನನ್ನು ಕೇಳಿದರೆ ಗದರಿಸಿದ. ರೊಟ್ಟಿ ಬಡಿಯುತ್ತಿದ್ದ ಅಜ್ಜಿ ಮಾತ್ರ ಕೈ ನಿಲ್ಲಿಸದೆ ಹೇಳಿದಳು: "ಅದನ್ನ ಚಿಗರಿನ ಕೇಳಬೇಕವ್ವಾ."

ಎಳ್ಳಮಾವಾಸ್ಯೆ ಬಂತು. ಅಂದು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಬೇಕು. ರೊಟ್ಟಿ, ಕಡುಬು, ಪುಂಡಿಪಲ್ಯ ಎಲ್ಲ ಕಲಸಿದ ಎಡೆಯೇ ಚರಗ. ಒಬ್ಬರು ಮುಂದೆ ಅದನ್ನು ಚೆಲ್ಲುತ್ತಾ "ಹುಲ್ಲುಲಿಗೋ" ಎನ್ನಬೇಕು. ಹಿಂದಿನವರು ತಂಬಿಗೆಯ ನೀರು ಚಿಮುಕಿಸುತ್ತಾ "ಸಲಾಂಬ್ರಿಗೋ" ಎನ್ನಬೇಕು. ಚೆಲ್ಲುವವರು ಹಿಂದಿರುಗಿ ನೋಡಬಾರದು ಎಂಬುದು ನಮ್ಮ ಮನೆಯ ಕಟ್ಟು. ಗುತ್ತಿಗೆಗೆ ಕೊಟ್ಟ ಹೊಲಕ್ಕೂ ಚರಗ ಚೆಲ್ಲುವವರು ನಾವೇ. ನಮ್ಮ ಭೂಮಿತಾಯಿಗೆ ಉಣ್ಣಿಸಲು ಯಾರನ್ನು ಕೇಳಬೇಕು ಎಂದು ಅಜ್ಜಿ ಸುಬ್ಬಯ್ಯನವರಿಗೆ ಹೇಳಿ ಕಳಿಸಲಿಲ್ಲ. ನನ್ನ ಬೆಳೆಯಲ್ಲಿ ಬೇಟೆಯಾಡಲು ಯಾರನ್ನು ಕೇಳಬೇಕು ಎಂದು ಅವರೂ ನಮಗೆ ಹೇಳಿರಲಿಲ್ಲ.

ಅಜ್ಜಿ, ಚಿಕ್ಕಪ್ಪ, ಮನೆಯವರೆಲ್ಲ ಕೂತಿದ್ದ ಬಂಡಿ ಬನ್ನಿಮರದ ಕೆಳಗೆ ನಿಂತಿತು. ಅವ್ವ ಐದು ಕಲ್ಲು ಜೋಡಿಸಿ ಸುಣ್ಣ ಹಚ್ಚುತ್ತಿದ್ದಳು. ಎಣಗಾಯಿಯ, ಎಳ್ಳು ಹೋಳಿಗೆಯ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಪೂಜೆ, ಚರಗ ಮುಗಿಯುವವರೆಗೆ ಏನೂ ಸಿಗುವಂತಿರಲಿಲ್ಲ. ಬಾರೆಹಣ್ಣು ಆರಿಸುತ್ತಾ ಬದುವಿನುದ್ದಕ್ಕೂ ನಡೆದೆ. ಹೊಲದ ಆಚೆ ತುದಿಯಲ್ಲಿ, ಜಾಲಿಯ ಮರೆಯಲ್ಲಿ ಸುಬ್ಬಯ್ಯನವರು ಕುಳಿತಿದ್ದರು. ತೊಡೆಯ ಮೇಲೆ ಬಂದೂಕು. ಅಷ್ಟು ಹತ್ತಿರದಿಂದ ಬಂದೂಕನ್ನು ನಾನು ನೋಡಿರಲಿಲ್ಲ. ಕುರಿ ಕಾಯುವ ಹುಡುಗಿ ಎಂದುಕೊಂಡರೇನೋ, ಯಾರ ಮಗಳು ಎಂದೂ ಕೇಳಲಿಲ್ಲ. ಪಕ್ಕದ ನೆಲ ತೋರಿಸಿದರು.

"ಪಾಪಾ, ಕುಂದ್ರು. ಬಾಯಿ ಮಾತ್ರ ಬಿಡಬ್ಯಾಡ. ಚಿಗರಿ ಒಳಗೈತಿ."

ಪಿಸುದನಿಯಲ್ಲೇ ವಿವರಿಸಿದರು. ಅವರ ಇಬ್ಬರು ಆಳುಗಳು ಎದುರು ಬದಿಯಿಂದ ಕೂಗು ಹಾಕುತ್ತಾ ಜೋಳದೊಳಗೆ ಬರುತ್ತಾರಂತೆ. ಕೂಗಿಗೆ ಹೆದರಿದ ಚಿಗರಿ ಈ ಕಡೆ ಓಡಿ ಬರುತ್ತದಂತೆ. ನಾನು ಬಂದೂಕಿನ ಹಿಡಿಯ ಮೇಲಿನ ಗೀರುಗಳನ್ನೇ ನೋಡುತ್ತಿದ್ದೆ. ಅದಕ್ಕೆ ಎಳ್ಳೆಣ್ಣೆಯ ವಾಸನೆ ಇತ್ತು.

ಆಗ ದೂರದಲ್ಲಿ ಕೂಗು ಕೇಳಿಸಿತು. ಸುಬ್ಬಯ್ಯನವರು ಬಂದೂಕು ಎತ್ತಿದರು. ಕೂಗು ಹತ್ತಿರವಾಯಿತು. ಅದರ ಮುಂದೆ, ಆಳೆತ್ತರದ ಜೋಳದ ತೆನೆಗಳು ಸಾಲಾಗಿ ಅಲುಗುತ್ತಾ ನಮ್ಮತ್ತಲೇ ಬರುತ್ತಿದ್ದವು. ಅವರು ಹೇಳಿದ್ದಂತೆಯೇ: ಹಿಂದೆ ಕೂಗು, ಮುಂದೆ ಪ್ರಾಣಿ. ಚಿಗರಿಯ ಕೋಡು ಮೊದಲು ಕಾಣುತ್ತದೋ ಮೂತಿಯೋ ಎಂದು ನಾನು ಕತ್ತು ಚಾಚಿದೆ.

ಕೂಗು ಸ್ಪಷ್ಟವಾಯಿತು. ಅದು ಆಳುಗಳದಲ್ಲ, ಚಿಕ್ಕಪ್ಪನ ದನಿ. "ಸಲಾಂಬ್ರಿಗೋ."

ಪ್ರತಿ ವರ್ಷ ಚರಗ ಚೆಲ್ಲುವವಳು ಅಜ್ಜಿಯೇ; ಚಿಕ್ಕಪ್ಪ ಹಿಂದಿದ್ದರೆ ಮುಂದೆ ಅವಳು ಇರಲೇಬೇಕು. ಬೆನ್ನು ಬಾಗಿದ ಅಜ್ಜಿ ತೆನೆಗಳ ಮೇಲೆ ಕಾಣುವಂತಿರಲಿಲ್ಲ. ಅವಳ ದನಿ ಒಡೆದು ಎಷ್ಟೋ ಕಾಲವಾಗಿತ್ತು. ಅವಳ "ಹುಲ್ಲುಲಿಗೋ" ಪಕ್ಕದಲ್ಲಿದ್ದವರಿಗಷ್ಟೇ ಕೇಳುತ್ತಿತ್ತು.

'ಅಜ್ಜಿ' ಎಂದು ಕೂಗಬೇಕಿತ್ತು. 'ಹೊಡೀಬ್ಯಾಡ್ರಿ' ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಅಜ್ಜಿ ಕೂಗಿದರೂ ನಮಗೆ ಕೇಳಿಸದೇ ಹೋದ ಆ ಮೊದಲ ಪದ. ಗಂಟಲು ಹರಿಯುವಂತೆ "ಹುಲ್ಲುಲಿಗೋ" ಎಂದೆ.

ಬಂದೂಕು ಹಾರಿತು. ಸುಬ್ಬಯ್ಯನವರ ಕೈ ಮೇಲಕ್ಕೆ ಜಿಗಿದಿತ್ತು. ತೆನೆಗಳು ತುಂಡಾಗಿ ಬಿದ್ದವು. ಕೌಜುಗಗಳು ಬರ್ರೆಂದು ಎದ್ದವು. ನಿಜವಾದ ಚಿಗರಿಯೊಂದು, ಅಷ್ಟು ಹೊತ್ತೂ ನಮ್ಮಿಂದ ಸ್ವಲ್ಪವೇ ದೂರದಲ್ಲಿ ಮಲಗಿದ್ದದ್ದು, ಬದು ಹಾರಿ ಗುಡ್ಡದ ಕಡೆ ಹೋಯಿತು. ಆಮೇಲೆ ಏನೂ ಅಲುಗಲಿಲ್ಲ. ಆ ನಿಶ್ಶಬ್ದ ನನ್ನೊಳಗೆ ಇನ್ನೂ ಮುಗಿದಿಲ್ಲ.

ಮತ್ತೆ ತೆನೆಗಳು ಅಲುಗಿದವು. ಅಜ್ಜಿ ಹೊರಬಂದಳು. ಸೊಂಟದ ಮೇಲೆ ಬುಟ್ಟಿ, ಸೆರಗಿನ ಮೇಲೆ ಜೋಳದ ಹೂದೂಳು. ಬಂದೂಕು ನೋಡಿದಳು, ನನ್ನನ್ನು ನೋಡಿದಳು. ಸುಬ್ಬಯ್ಯನವರು ನೆಲಕ್ಕೆ ಕುಸಿದು, ತೆಲುಗಿನಲ್ಲಿ ಅಮ್ಮಾ ಅಮ್ಮಾ ಎನ್ನುತ್ತಿದ್ದರು. ಓಡಿ ಬಂದ ಚಿಕ್ಕಪ್ಪ ಅವರ ಕೊರಳಪಟ್ಟಿ ಹಿಡಿದ.

"ಬಿಡಲೇ ಅವರನ್ನ," ಎಂದಳು ಅಜ್ಜಿ. ಆಮೇಲೆ ಅವರಿಗೆ: "ಚರಗದ ದಿನ ಹೊಲದಾಗ ಇದ್ದವರು ಹಂಗ ಹೋಗಬಾರದು. ಏಳ್ರಿ, ಉಣ್ಣಾಕ ಬರ್ರಿ."

ಬನ್ನಿಮರದ ಕೆಳಗೆ ಅವರಿಗೇ ಮೊದಲ ಎಲೆ. ಅವರ ಕೈಯಿಂದ ಕಡುಬು ಎರಡು ಸಲ ಬಿತ್ತು. ಎರಡೂ ಸಲ ಅಜ್ಜಿ ಬೇರೆ ಬಡಿಸಿದಳು. ಅವರು ಎದ್ದು ಹೋಗುವಾಗ ಮಾತ್ರ ಹೇಳಿದಳು: "ಜ್ವಾಳ ನಿಮ್ಮದು, ಒಯ್ರಿ. ನಾ ಉಣಿಸಿದ ಜೀವಗಳನ್ನ ಹೊಡೀಬ್ಯಾಡ್ರಿ." ಆ ಹೊಲದಲ್ಲಿ ಮತ್ತೆ ಬಂದೂಕಿನ ಸದ್ದು ಕೇಳಲಿಲ್ಲ. ಚಿಗರಿ ಯಾರದು ಎಂಬ ನನ್ನ ಪ್ರಶ್ನೆಗೆ ಅಷ್ಟೇ ಉತ್ತರ ಸಿಕ್ಕಿತು.

ಇನ್ನೊಂದಕ್ಕೆ ಸಿಕ್ಕಿಲ್ಲ. ಕಿವಿಗೆ ಬಿದ್ದ ಸದ್ದಿಗೆ ಬೆರಳು ಸ್ಪಂದಿಸಲು ಕ್ಷಣವೊಂದು ಬೇಕು ಎಂದು ಕಾಲೇಜಿನಲ್ಲಿ ಓದಿದ ದಿನ ನನಗೆ ಪಾಠ ಮುಂದೆ ಕೇಳಿಸಲಿಲ್ಲ. ನನ್ನ ಕೂಗು ಅವರ ಕೈಯನ್ನು ಮೇಲೆತ್ತಿತೋ, ಅಥವಾ ಬೆಚ್ಚಿಬಿದ್ದ ಬೆರಳೇ ಬಂದೂಕಿನ ಕುದುರೆಯನ್ನು ಒತ್ತಿತೋ? ಕೂಗದಿದ್ದರೆ ಬಂದೂಕು ಹಾರುತ್ತಲೇ ಇರಲಿಲ್ಲವೋ? ಆ ಕ್ಷಣವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದೇನೆ.

ಆ ಹೊಲ ಈಗಲೂ ನಮ್ಮದೇ. ಎಲೆಗಳ ಮೇಲೆ ಕೆಂಪು ದೂಳು ಕೂತಿರುತ್ತದೆ. ಎಳ್ಳಮಾವಾಸ್ಯೆಗೆ ನಾನೇ ಮುಂದೆ ನಡೆದು ಚರಗ ಚೆಲ್ಲುತ್ತೇನೆ, ಊರಿಗೆಲ್ಲ ಕೇಳುವಂತೆ ಕೂಗುತ್ತೇನೆ. ಮೊದಲಾದರೆ ನಾವು ಊಟಕ್ಕೆ ಕೂರುವುದರೊಳಗೆ ಕೌಜುಗಗಳು ಅದನ್ನು ಆರಿಸಿ ಮುಗಿಸುತ್ತಿದ್ದವು. ಈಗ ಬಂಡಿಯ ಬದಲು ಟ್ರ್ಯಾಕ್ಟರ್ ಹತ್ತಿ ಸಂಜೆ ಮನೆಗೆ ಹೊರಡುವಾಗ ನೋಡಿದರೆ, ಚೆಲ್ಲಿದ ಚರಗ ಚೆಲ್ಲಿದಲ್ಲೇ ಬಿದ್ದಿರುತ್ತದೆ.